ಜೈಲಿಂದ ಬಂದ ರಿಚಿ ಕೇಳಿದ್ದರಲ್ಲಿ ತಪ್ಪೇನಿತ್ತು? (ಸೊಪ್ರಾನೋಸ್, ಸೀಸನ್ 2, ಸಂಚಿಕೆ 3)

ಮಳೆಗಾಲ_72

ಸರಣಿ ಪೂರ್ತಿ ನೋಡದವರು ಮುಂದೆ ಓದಬೇಡಿ, ಕೊನೆಯ ಸೀಸನ್‌ವರೆಗಿನ ಕತೆಯೂ ಬಯಲಾಗುತ್ತೆ.

ಸೊಪ್ರಾನೋಸ್ ಅಂದ್ರೆ ನ್ಯೂಜೆರ್ಸಿಯ ಮಾಫಿಯಾ ಗ್ಯಾಂಗೊಂದರ ಕತೆ ಹೇಳೋ ಅಮೆರಿಕನ್ ಟಿವಿ ಸರಣಿ. ಈ ವಾರದ ಸಂಚಿಕೆ 2000ದ ಜನವರಿ 30ರಂದು ಎಚ್‌ಬಿಒದಲ್ಲಿ ಬಂದದ್ದು. ಬರೆದವರು ಫ್ರ್ಯಾಂಕ್ ರೆಂಜುಲಿ, ನಿರ್ದೇಶನ ಲೀ ತಮಹೋರಿ. ಶೀರ್ಷಿಕೆ ನಡುವೆ ಒಂದು ಬೈಗುಳ ಇದೆ. ಹಾಕಿದರೆ ನಿರ್ವಾಹಕರು ಕಿತ್ತು ಬಿಸಾಕ್ತಾರೆ, ಹಾಗಾಗಿ ‘ರಿಚಿ ಬಂದ ಸಂಚಿಕೆ’ ಅಂತಲೇ ಇರಲಿ.

ರಿಚಿ ಅಪ್ರಿಲ್‌ನನ್ನ ಎಲ್ಲರೂ ‘ಹುಚ್ಚ’ ಅಂತ ಒಂದೇ ಮಾತಲ್ಲಿ ಮುಗಿಸಿಬಿಡ್ತಾರೆ. ನನಗೆ ಅದು ಸರಿ ಕಾಣಲ್ಲ. ಆ ಲೋಕದ ಕಟ್ಟಳೆಯನ್ನೇ ಹಿಡಿದು ನೋಡಿ. ಹತ್ತು ವರ್ಷ ಒಳಗಿದ್ದ, ಬಾಯಿ ಬಿಡಲಿಲ್ಲ. ಅವನು ಸುಮ್ಮನಿದ್ದಿದ್ದರಿಂದಲೇ ಹೊರಗಿನವರು ನೆಮ್ಮದಿಯಾಗಿ ದಂಧೆ ಮಾಡಿಕೊಂಡಿದ್ರು. ಬಂದು ನೋಡಿದ್ರೆ ಬಾಸ್ ಆಗಿದ್ದ ತಮ್ಮ ಜ್ಯಾಕಿ ಕ್ಯಾನ್ಸರ್‌ನಲ್ಲಿ ತೀರಿಕೊಂಡಿದ್ದಾನೆ. ಜ್ಯಾಕಿ ಜೊತೆ ಹುಡುಗನಾಗಿ ಸುತ್ತಾಡ್ತಿದ್ದ ಟೋನಿ ಸೊಪ್ರಾನೋ ಈಗ ಬಾಸ್ ಕುರ್ಚಿಯಲ್ಲಿ. ಹಿಂದೆ ಅಪ್ರಿಲ್ ಅಣ್ಣತಮ್ಮಂದಿರ ನೆರಳಲ್ಲಿದ್ದ ಬೀನ್ಸಿ ಪಿಜ್ಜಾ ಅಂಗಡಿ ಇಟ್ಟು ಚೆನ್ನಾಗಿ ಬದುಕಿದ್ದಾನೆ. ರಿಚಿ ತನ್ನ ಪಾಲು ಕೇಳಿದ. ಟೋನಿ ‘ತಡ್ಕೋ’ ಅಂದ.

ಮಾಲ್‌ನಲ್ಲಿ ಇಬ್ಬರೂ ಭೇಟಿಯಾಗ್ತಾರಲ್ಲ, ಅಲ್ಲಿ ರಿಚಿ ಆಡೋ ಮಾತಿನ ತಾತ್ಪರ್ಯ ಇಷ್ಟೇ: ನನ್ನದನ್ನ ನನಗೆ ಕೊಡೋಕೆ ನೀನ್ಯಾರು? ಇದಕ್ಕೆ ಟೋನಿ ಹತ್ರ ಉತ್ತರ ಇಲ್ಲ, ಅಧಿಕಾರ ಮಾತ್ರ ಇದೆ. ನೀವೇನಂತೀರಿ?

ಹುಬ್ಳಿ_ಗಿರ್ಮಿಟ್

ಏನ್ ನ್ಯಾಯಾ ರೀ ಇದು! ಪಾಲು ಕೇಳಾಕ ಬಂದಾಂವ ಪಾಲು ಕೇಳಬೇಕು. ಬೀನ್ಸಿ ಅಂಗಡಿ ಸೀನ್ ಇನ್ನೊಮ್ಮೆ ನೋಡ್ರಿ. ಬರ್ತಾನ, ಅಪ್ಪಿಕೋತಾನ, ನಗಾಡ್ತಾನ. ಬೀನ್ಸಿನೂ ಪಾಪ ಹಳೇ ಗೆಳ್ಯಾ ಬಂದಾನ ಅಂತ ಮುಖ ಅರಳಿಸ್ಕೊಂಡು ನಿಂತಾನ. ವಾರಾ ವಾರಾ ಇಷ್ಟು ಕೊಡು ಅಂತ ರಿಚಿ ಬಾಯಿಬಿಟ್ಟ ಕೂಡ್ಲೇ ಬೀನ್ಸಿ ಸ್ವಲ್ಪ ಹಿಂದ ಮುಂದ ನೋಡ್ತಾನ, ಅಷ್ಟ. ಬಿಸಿ ಕಾಫಿ ಇದ್ದ ಗಾಜಿನ ಜಗ್ ತಗೊಂಡು ತಲಿಗೆ ಚಚ್ಚತಾನ. ಮಾತು ಮುಗಿಯೂ ಮಟಾ ತಡ್ಕೊಳ್ಳಲಿಲ್ಲ!

ವಸೂಲಿ ಮಾಡಾಂವ ಹಿಂಗ ಮಾಡಂಗಿಲ್ರಿ. ಟೋನಿ ಬ್ಯಾಡ ಅಂದ ಮ್ಯಾಲೂ ಅದ ಮನುಷ್ಯಾನ ಮ್ಯಾಲೆ ಕಾರ್ ಹಾಯಸ್ತಾನ. ಕಾಲು ಹ್ವಾದಾಂವ ಪಿಜ್ಜಾ ಸುಡತಾನೇನು? ರೊಕ್ಕ ಎಲ್ಲಿಂದ ಬರ್ತದ? ರಿಚಿಗೆ ರೊಕ್ಕ ಬೇಕಾಗಿದ್ದಿಲ್ಲ, ಮಂದಿ ತನ್ನ ನೋಡಿ ಹೆದರಬೇಕಾಗಿತ್ತು.

ಎಡಿಸನ್‌ವಾಸಿ

ನ್ಯೂಜೆರ್ಸಿಯಲ್ಲಿ ಇರೋದ್ರಿಂದ ಒಂದೆರಡು ಮಾತು ಸೇರಿಸ್ತೀನಿ. ನಮ್ಮ ಕಡೆ ಪೆರೋಲ್ ಸಿಕ್ಕಿದ ಕೈದಿ ತಂಗಿ ಮದುವೆಗೋ ಅಪ್ಪನ ತಿಥಿಗೋ ಕೆಲವು ದಿನ ಬಂದು ವಾಪಸ್ ಹೋಗ್ತಾನೆ. ಇಲ್ಲಿ ಹಾಗಲ್ಲ, ಉಳಿದ ಶಿಕ್ಷೆಯನ್ನ ಅಧಿಕಾರಿಯ ಕಣ್ಗಾವಲಲ್ಲಿ ಹೊರಗೆ ಕಳೆಯೋದು. ಕೆಲಸ ಇರಬೇಕು, ಹೇಳಿದಾಗ ಹೋಗಿ ಮುಖ ತೋರಿಸಬೇಕು, ಮುಖ್ಯವಾಗಿ ಬೇರೆ ಅಪರಾಧಿಗಳ ಸಹವಾಸ ಮಾಡಬಾರದು. ತಪ್ಪಿದರೆ ಸೀದಾ ಒಳಗೆ.

ಈಗ ರಿಚಿಯ ಪರಿಸ್ಥಿತಿ ಯೋಚಿಸಿ. ಅವನಿಗೆ ಗೊತ್ತಿರೋರೆಲ್ಲ ಅಪರಾಧಿಗಳೇ. ಅದಕ್ಕೇ ಭೇಟಿಗಳೆಲ್ಲ ಅಂಥ ಜಾಗಗಳಲ್ಲಿ. ಟೋನಿ ಜೊತೆ ಮಾಲ್, ಗೃಹಬಂಧನದಲ್ಲಿರೋ ಟೋನಿಯ ದೊಡ್ಡಪ್ಪ ಅಂಕಲ್ ಜೂನಿಯರ್ ಜೊತೆ ಡಾಕ್ಟರ ಕ್ಲಿನಿಕ್. ಇಬ್ಬರು ಮುದುಕರು ಕ್ಲಿನಿಕ್ಕಲ್ಲಿ ಕೂತು ನಿಷ್ಠೆ ಒಪ್ಪಿಸೋದು, ತಗೊಳ್ಳೋದು! ಆ ಸೀನ್ ನೋಡಿ ನಗಬೇಕೋ ಹೆದರಬೇಕೋ ತಿಳಿಯಲ್ಲ.

ಅಂದಹಾಗೆ ಟೋನಿ ಗ್ಯಾಂಗಿನ ಅಡ್ಡೆ ಬಡಾಬಿಂಗ್ ಕ್ಲಬ್ಬಿನ ಚಿತ್ರೀಕರಣ ನಡೆದಿದ್ದು ಲೋಡೈ ಊರಲ್ಲಿ, ರೂಟ್ 17ರ ಪಕ್ಕ. ಅವರು ಸೇರೋ ಇನ್ನೊಂದು ಜಾಗ, ಸ್ಯಾಟ್ರಿಯಾಲೆ ಮಾಂಸದಂಗಡಿ, ಕಾರ್ನಿಯಲ್ಲಿತ್ತು, ಸರಣಿ ಮುಗಿದ 2007ರಲ್ಲೇ ಕೆಡವಿದ್ರು.

ಕಾಫಿತೋಟ

ವಾದ ಆಮೇಲೆ. ಮೊದಲು ರಿಚಿ ಪಾತ್ರ ಮಾಡಿದ ಡೇವಿಡ್ ಪ್ರೊವಾಲ್ ಬಗ್ಗೆ ಯಾರಾದರೂ ಹೇಳ್ತೀರಾ ಅಂತ ಕಾಯ್ತಿದ್ದೆ. ಟೋನಿ ಪಾತ್ರದ ಜೇಮ್ಸ್ ಗ್ಯಾಂಡೊಲ್ಫಿನಿ ಪಕ್ಕದಲ್ಲಿ ನಿಂತರೆ ಹೆಗಲಿಗೂ ಬರಲ್ಲ. ಬಟ್ಟೆಬರೆ ಸಾಧಾರಣ, ದನಿ ಏರಿಸೋದು ಅಪರೂಪ. ಆ ಮನುಷ್ಯ ಭಯ ಹುಟ್ಟಿಸೋದು ಬರೀ ಕಣ್ಣಲ್ಲಿ. ಎದುರಿನವರು ಮಾತಾಡಿ ಮುಗಿಸಿದ ಮೇಲೂ ಅವನು ನೋಡ್ತಾನೇ ಇರ್ತಾನೆ. ಟೋನಿಗೂ ಅದು ತಡೆಯಲ್ಲ, ಕುಖ್ಯಾತ ಹಂತಕ ಗುಂಪಿನ ಮುಖಂಡ ಚಾರ್ಲ್ಸ್ ಮ್ಯಾನ್ಸನ್ ಕಣ್ಣು ಅಂತ ಹಂಗಿಸ್ತಾನೆ.

ಇನ್ನೊಂದು ತಮಾಷೆ: ಈ ಮನುಷ್ಯ ಯೋಗ ಮಾಡ್ತಾನೆ. ಹಳೇ ಗೆಳತಿ ಜಾನಿಸ್ ಮತ್ತೆ ಸಿಗೋದೂ ಯೋಗ ತರಗತಿಯಲ್ಲೇ. ಟೋನಿಯ ಅಕ್ಕ ಜಾನಿಸ್ ಆಗ ತನ್ನನ್ನ ‘ಪಾರ್ವತಿ’ ಅಂತ ಕರ್ಕೊಳ್ತಿದ್ಲು, ನೆನಪಿದೆಯಾ? ಸಿಯಾಟಲ್‌ನಿಂದ ಆ ಹೆಸರು ಹೊತ್ಕೊಂಡು ಬಂದವಳು. ಪ್ರಾಣಾಯಾಮ ಮಾಡಿ ಎದ್ದವನು ಸಂಜೆಗೆ ಇನ್ನೊಬ್ಬನ ಮೇಲೆ ಕಾರು ಹತ್ತಿಸ್ತಾನೆ. ಬರಹಗಾರರು ಇದನ್ನ ಎಲ್ಲೂ ಎತ್ತಿ ತೋರಿಸಲ್ಲ, ಪಕ್ಕಪಕ್ಕ ಇಟ್ಟು ಸುಮ್ಮನಾಗ್ತಾರೆ.

ನೈಟ್‌ಶಿಫ್ಟ್_ನಾಗ

ಗುರು, ನನಗೊಂದು ಡೌಟು. ರಿಚಿ ಕತೆ ಇಷ್ಟು ಬಿಸಿಯಾಗಿ ಓಡ್ತಿರುವಾಗ ಮಧ್ಯೆ ಟೋನಿ ಮಗಳು ಮೆಡೋ ಪಾರ್ಟಿ ಕತೆ ಯಾಕೆ? ಅಜ್ಜಿಯ ಖಾಲಿ ಮನೇಲಿ ಹುಡುಗರು ಕುಡಿದು ವಾಂತಿ ಮಾಡಿ ಹಾಳು ಮಾಡಿದ್ರು, ಅಪ್ಪ ಅಮ್ಮ ಕೂಗಾಡಿದ್ರು. ನಾನಂತೂ ಓಡಿಸ್ಕೊಂಡು ನೋಡಿದೆ.

ಶಾರದಮ್ಮನ_ಮಗಳು

ನಾಗ, ಓಡಿಸಿದ್ದರಲ್ಲೇ ಸಂಚಿಕೆಯ ಕೀಲಿ ಇತ್ತು ಕಣೋ. ಮೆಡೋಗೆ ಏನು ಶಿಕ್ಷೆ ಕೊಡೋದು ಅಂತ ಟೋನಿ, ಅವನ ಹೆಂಡತಿ ಕಾರ್ಮೆಲಾ ತಲೆ ಕೆಡಿಸ್ಕೊಳ್ತಾರೆ. ಮಗಳ ಮೇಲೆ ತಮಗೆ ಹಿಡಿತ ಇಲ್ಲ ಅನ್ನೋದು ಅವಳಿಗೆ ಗೊತ್ತಾಗಬಾರದು, ಗೊತ್ತಾದ್ರೆ ಮುಗೀತು ಅಂತ ಮಾತಾಡ್ಕೊಳ್ತಾರೆ. ಕೊನೆಗೆ ತನ್ನ ಶಿಕ್ಷೆಯನ್ನ ಮೆಡೋನೇ ಸೂಚಿಸ್ತಾಳೆ: ಕೆಲವು ವಾರ ನನ್ನ ಕ್ರೆಡಿಟ್ ಕಾರ್ಡ್ ಇಟ್ಕೊಳ್ಳಿ. ಅಪ್ಪ ಅಮ್ಮ ಗಂಭೀರವಾಗಿ ಒಪ್ಪಿಕೊಂಡು ಹೊರಡ್ತಾರೆ, ಅವಳು ಹಿಂದೆ ಮುಸಿಮುಸಿ ನಗ್ತಾಳೆ.

ರಿಚಿ ವಿಷಯದಲ್ಲಿ ನಡೆಯೋದೂ ಇದೇ. ಟೋನಿ ‘ಬೀನ್ಸಿ ತಂಟೆಗೆ ಹೋಗಬೇಡ’ ಅಂತಾನೆ, ರಿಚಿ ಹೋಗ್ತಾನೆ. ಏನು ಮಾಡಿದ ಟೋನಿ? ಕೊಲ್ಲೋ ಹಾಗಿಲ್ಲ, ಜ್ಯಾಕಿಯ ಅಣ್ಣ, ಹಿರಿಯ. ಹೊಡೆಯೋ ಹಾಗಿಲ್ಲ, ಅವನು ದೀಕ್ಷೆ ಪಡೆದ ಸದಸ್ಯ. ದನಿ ಎತ್ತರಿಸಿ ಬರ್ತಾನೆ, ಅಷ್ಟೇ. ಬಾಸ್‌ಗೆ ಹಿಡಿತ ಇಲ್ಲ ಅಂತ ರಿಚಿಗೆ ಗೊತ್ತಾಗಿಹೋಯ್ತು. ಮಗಳು ಕೊನೆಗೆ ತಾನಾಗೇ ಹೋಗಿ ಅಜ್ಜಿ ಮನೆ ನೆಲ ಉಜ್ಜುತ್ತಾಳೆ. ರಿಚಿ ಉಜ್ಜೋ ಜಾತಿಯಲ್ಲ.

ಮತ್ತೆ ಮಳೆಗಾಲ ಅವರಿಗೆ: ರಿಚಿಯ ‘ಕಟ್ಟಳೆ’ ಬಗ್ಗೆ ಅಷ್ಟು ಮರುಕ ಪಡೋ ಮುಂಚೆ ಕ್ರಿಸ್ಟೊಫರ್‌ಗೆ ಅವನು ಕೊಡೋ ಎಚ್ಚರಿಕೆ ನೋಡಿ. ಕ್ರಿಸ್ಟೊಫರ್ ಟೋನಿ ಗ್ಯಾಂಗಿನ ಹುಡುಗ, ಅವನ ಗೆಳತಿ ಏಡ್ರಿಯಾನಾ ರಿಚಿಯ ಸಂಬಂಧಿ. ಅವಳ ಮೇಲೆ ಕೈ ಮಾಡ್ತೀಯಂತೆ ಅಂತ ಕೇಳ್ತಾನೆ. ಸದ್ಯ, ಹೆಣ್ಣುಮಗಳ ಪರ ಒಬ್ಬನಾದ್ರೂ ನಿಂತನಲ್ಲ ಅಂದ್ಕೊಳ್ಳೋಷ್ಟರಲ್ಲಿ ಮುಂದಿನ ಮಾತು: ಕೈ ಎತ್ತಬೇಕು ಅಂದ್ರೆ ಮೊದಲು ಮದುವೆಯಾಗು. ಅಂದ್ರೆ ತಾಳಿ ಕಟ್ಟಿದ ಮೇಲೆ ಹೊಡೀಬಹುದು! ಇದೇ ಮನುಷ್ಯ ಹನ್ನೆರಡನೇ ಸಂಚಿಕೆಯಲ್ಲಿ ಊಟದ ಮೇಜಿನ ಮುಂದೆ ಜಾನಿಸ್ ಬಾಯಿಗೆ ಗುದ್ದಿ, ಮತ್ತೆ ತಟ್ಟೆಗೆ ಬಾಗ್ತಾನೆ. ಅವಳು ಒಳಗೆ ಹೋಗಿ ಪಿಸ್ತೂಲು ತರ್ತಾಳೆ. ಅಲ್ಲಿ ಮದುವೆ ಕೂಡ ಆಗಿರಲಿಲ್ಲ ನೋಡಿ, ತನ್ನ ಕಟ್ಟಳೆಯನ್ನ ತಾನೇ ಪಾಲಿಸಲಿಲ್ಲ.

ಮಳೆಗಾಲ_72

ಮೇಡಂ, ರಿಚಿ ಒಳ್ಳೆಯವನು ಅಂತ ನಾನು ಎಲ್ಲೂ ಹೇಳಲಿಲ್ಲ. ಕೇಳಿದ ರೀತಿ ಕೆಟ್ಟದ್ದು, ಕೇಳಿದ್ದು ನ್ಯಾಯವಾದದ್ದು, ಎರಡೂ ಒಟ್ಟಿಗೆ ಇರಬಹುದು. ಟೋನಿ ಅವನಿಗೆ ಮೊದಲ ದಿನವೇ ಒಂದು ದೊಡ್ಡ ಗಂಟು ಕೊಟ್ಟು, ಇಂಥ ಏರಿಯಾ ನಿಂದು ಅಂದಿದ್ರೆ ಬೀನ್ಸಿ ನಡೆದಾಡ್ಕೊಂಡು ಇರ್ತಿದ್ದ.

ನಿರ್ವಾಹಕ

ಇಬ್ಬರು ಬೆಂಗಳೂರು ಭೂಗತ ಲೋಕದವರ ಹೆಸರು ಹಿಡಿದು ಹೋಲಿಕೆ ಶುರುಮಾಡಿದ್ದರು, ಆ ಪೋಸ್ಟ್‌ಗಳನ್ನ ತೆಗೆದಿದ್ದೇವೆ. ಅದಕ್ಕೆ ಬೇರೆ ಚರ್ಚೆ ತೆರೆಯಿರಿ. ಇಲ್ಲಿ ನ್ಯೂಜೆರ್ಸಿ ಬಿಟ್ಟು ಆಚೆ ಬರಬೇಡಿ.

ಪಡುಬಿದ್ರೆ_ಭಟ್ರು

ಮಳೆಗಾಲ ಅವರೇ, ಗಂಟು ಕೊಟ್ಟಿದ್ರೆ ಸರಿ ಹೋಗ್ತಿತ್ತು ಅಂತೀರಲ್ಲ, ಅದಕ್ಕೆ ಉತ್ತರ ಸೀಸನ್ 5ರಲ್ಲಿ ಉಂಟು ಮಾರಾಯ್ರೆ. ಸರಣಿ ಸೃಷ್ಟಿಸಿದ ಡೇವಿಡ್ ಚೇಸ್ ತಂಡ ಅದೇ ಪ್ರಶ್ನೆಯನ್ನ 2004ರಲ್ಲಿ ಪುನಃ ಕೇಳಿಕೊಂಡಿತು, ಈ ಸಲ ಒಬ್ಬನಲ್ಲ, ಒಂದು ತಂಡವೇ ಜೈಲಿಂದ ಬಂತು.

ಯಾಕೆ ಒಟ್ಟಿಗೆ ಬಂದರು ಅಂದ್ರೆ, ಅಮೆರಿಕದಲ್ಲಿ 1970ರಲ್ಲಿ ರಿಕೋ ಕಾನೂನು ಬಂತು. ಅದರ ಪ್ರಕಾರ ಒಂದೊಂದು ಕೊಲೆ, ಸುಲಿಗೆ ಬಿಡಿಬಿಡಿಯಾಗಿ ಸಾಬೀತು ಮಾಡಿ ನಿಲ್ಲಿಸಬೇಕಿಲ್ಲ, ಇಡೀ ಗ್ಯಾಂಗನ್ನೇ ಒಂದು ಉದ್ಯಮ ಅಂತ ತೋರಿಸಿ ಎಲ್ಲರನ್ನೂ ಕಟ್ಟಬಹುದು. ಒಂದು ಆರೋಪಕ್ಕೆ 20 ವರ್ಷದವರೆಗೂ ಶಿಕ್ಷೆ ಉಂಟು. 80ರ ದಶಕದಲ್ಲಿ ಸರಕಾರ ಅದನ್ನ ಜೋರಾಗಿ ಬಳಸಿತು. 1986ರಲ್ಲಿ ನ್ಯೂಯಾರ್ಕಿನ ಕಮಿಷನ್ ಮೊಕದ್ದಮೆಯಲ್ಲಿ ಮಾಫಿಯಾ ಕುಟುಂಬಗಳ ತಲೆಯಾಳುಗಳೇ ತಪ್ಪಿತಸ್ಥರು ಅಂತ ತೀರ್ಪಾಯಿತು, ಮುಂದಿನ ಜನವರಿಯಲ್ಲಿ ನೂರು ನೂರು ವರ್ಷ ಶಿಕ್ಷೆ. ಕತೆಯಲ್ಲಿ ಆ ದಶಕದಲ್ಲಿ ಒಳಗೆ ಹೋದವರ ಅವಧಿ 2004ಕ್ಕೆ ಮುಗಿಯುತ್ತೆ. ಫೀಚ್ ಲಾ ಮನ್ನಾ, ಟೋನಿ ಬ್ಲಂಡೆಟ್ಟೊ, ಏಂಜೆಲೊ ಗಾರೆಪೆ, ಫಿಲ್ ಲಿಯೊಟಾರ್ಡೊ.

ಫೀಚ್‌ನನ್ನ ನೋಡಿ. ರಾಬರ್ಟ್ ಲಾಜಿಯಾ ಮಾಡಿದ ಪಾತ್ರ. ರಿಚಿಗಿಂತ ಹಿರಿಯ, ಕತೆ ಹೇಳಿ ನಗಿಸ್ತಾನೆ, ಎಲ್ಲರಿಗೂ ಇಷ್ಟ. ಹಿಂದೆ ಇದೇ ಫೀಚ್‌ನ ಇಸ್ಪೀಟ್ ಅಡ್ಡೆಯನ್ನ ದೋಚಿಯೇ ಟೋನಿ, ಜ್ಯಾಕಿ ಹೆಸರು ಮಾಡಿದ್ದು! ಟೋನಿ ಅವನ ಜೊತೆ ಚೆನ್ನಾಗಿಯೇ ನಡ್ಕೊಳ್ತಾನೆ, ದಂಧೆ ಶುರುಮಾಡಲಿಕ್ಕೆ ಒಪ್ಪಿಗೆಯೂ ಕೊಡ್ತಾನೆ. ಆದ್ರೂ ಏನಾಯ್ತು? ತಂಗಿ ಮಗನಿಗೋ ಯಾರಿಗೋ ಹುಲ್ಲು ಕತ್ತರಿಸೋ ಏರಿಯಾ ಬೇಕು ಅಂತ ಒಬ್ಬ ಬಡ ತೋಟಗಾರನ ಕೈ ಮುರೀತಾನೆ. ಆಮೇಲೆ ಟೋನಿಗೆ ಬೇಕಾದ ಒಬ್ಬ ಡಾಕ್ಟರ ಮನೆ ಮದುವೆಗೆ ಬಂದ ಅತಿಥಿಗಳ ಕಾರುಗಳನ್ನೇ ಎಗರಿಸ್ತಾನೆ. ಕೇಳಿದ್ರೆ ನಗು, ತಾತ್ಸಾರ. ಪಾಲು ಕೊಟ್ಟರೂ ಸಮಾಧಾನ ಇಲ್ಲ. ಅವರಿಗೆ ಬೇಕಾದದ್ದು ಹೋದ ಇಪ್ಪತ್ತು ವರ್ಷ, ಅದನ್ನ ಟೋನಿ ಎಲ್ಲಿಂದ ತರ್ಲಿ?

ಶಾರದಮ್ಮನ_ಮಗಳು

ಭಟ್ರೇ, ಟೋನಿ ಅವನನ್ನ ಕಳಿಸಿದ ಉಪಾಯವನ್ನೂ ಬರೀರಿ, ಅಲ್ಲೇ ಮಜಾ ಇರೋದು.

ಪಡುಬಿದ್ರೆ_ಭಟ್ರು

ಬರೀದೆ ಬಿಡ್ತೇನಾ. ಕ್ರಿಸ್ಟೊಫರ್‌ನೂ ಟೋನಿ ಗ್ಯಾಂಗಿನ ಬೆನ್ನಿಯೂ ಫೀಚ್ ಮನೆಗೆ ಹೋಗಿ, ಕದ್ದ ಟಿವಿಗಳು ಉಂಟು, ಸ್ವಲ್ಪ ದಿನ ನಿಮ್ಮ ಗ್ಯಾರೇಜಲ್ಲಿ ಇಡ್ಲಿಕ್ಕೆ ಆಗ್ತದಾ ಅಂತ ವಿನಯದಿಂದ ಕೇಳ್ತಾರೆ. ಹುಡುಗರು ತನ್ನ ಹತ್ರ ಬಂದ್ರಲ್ಲ ಅಂತ ಮುದುಕನಿಗೆ ಖುಷಿ. ತನಗೂ ಒಂದು ಟಿವಿ ಸಿಗ್ತದೆ ಬೇರೆ. ಆಮೇಲೆ ಪೆರೋಲ್ ಅಧಿಕಾರಿ ಮನೆ ನೋಡ್ಲಿಕ್ಕೆ ಬರ್ತಾನೆ, ಗ್ಯಾರೇಜ್ ಬಾಗಿಲು ತೆಗೆಸ್ತಾನೆ. ಅಷ್ಟೇ. ಗುಂಡಿಲ್ಲ, ರಕ್ತ ಇಲ್ಲ, ಹೆಣ ಕತ್ತರಿಸೋ ಕೆಲಸ ಇಲ್ಲ. ಎಡಿಸನ್‌ವಾಸಿ ಮೇಲೆ ಹೇಳಿದ ಪೆರೋಲ್ ಷರತ್ತನ್ನೇ ಆಯುಧ ಮಾಡಿಕೊಂಡ ಟೋನಿ. ರಿಚಿ ಕಾಲದಲ್ಲಿ ಇದು ಅವನ ತಲೆಗೆ ಹೊಳೆದಿರಲಿಲ್ಲ.

ಜೈಲಿನ ಬಸ್ಸಲ್ಲಿ ಕೂತ ಲಾಜಿಯಾ ಮುಖ ನೋಡಿ. ಒಂದು ಮಾತಿಲ್ಲ. ಇಡೀ ಸೀಸನ್ನಿನಲ್ಲಿ ನನಗೆ ಅತ್ಯಂತ ಕ್ರೂರ ಅನಿಸಿದ ಶಿಕ್ಷೆ ಅದು, ಕೊಂದಿದ್ರೇ ವಾಸಿ ಇತ್ತು.

ಹುಬ್ಳಿ_ಗಿರ್ಮಿಟ್

ಭಟ್ರ ಮಾತಿಗೆ ನಂದೊಂದು ತಕರಾರು ಐತ್ರಿ. ಎಲ್ಲಾರೂ ಹಂಗ ಇರಂಗಿಲ್ಲ. ನಮ್ಮ ಟೋನಿ ಕಸಿನ್ ಟೋನಿ ಬ್ಲಂಡೆಟ್ಟೊ, ನಮ್ಮ ಸ್ಟೀವ್ ಬುಶೆಮಿ ಮಾಡಿದ ಪಾತ್ರ, ಅಂವಾ ಏನ್ ಕೇಳಿದ? ಮಸಾಜ್ ಕಲ್ತು ಮರ್ಯಾದಿಲೇ ದುಡೀತೇನಿ ಅಂದ. ಟೋನಿ ದಂಧೆ ಕೊಡ್ತೇನಿ ಅಂದ್ರೂ ಬ್ಯಾಡ ಅಂದ. ಅಂವಂದೂ ಹದಗೆಟ್ಟು ಹೋತು. ಅಂದ ಮ್ಯಾಲೆ ಪಾಲು ಕೊಟ್ರೂ ಅಷ್ಟ, ಕೊಡದಿದ್ರೂ ಅಷ್ಟ, ಕೇಳದಿದ್ರೂ ಅಷ್ಟ. ಮಳೆಗಾಲ ಸಾಹೇಬ್ರ ನ್ಯಾಯದ ತಕ್ಕಡಿ ಎಲ್ಲಿ ನಿಂದರ್ತದ?

ಮಳೆಗಾಲ_72

ಒಳ್ಳೇ ಪ್ರಶ್ನೆ. ಆದ್ರೆ ಬ್ಲಂಡೆಟ್ಟೊ ಕತೆಯಲ್ಲಿ ಇನ್ನೊಂದು ಎಳೆ ಇದೆ. ಇಬ್ಬರು ಟೋನಿಗಳೂ ಸೇರಿ ಮಾಡಬೇಕಿದ್ದ ಕಳ್ಳತನಕ್ಕೆ ನಮ್ಮ ಟೋನಿ ಆ ರಾತ್ರಿ ಬರಲಿಲ್ಲ, ಅವನೊಬ್ಬನೇ ಸಿಕ್ಕಿಬಿದ್ದ. ಬರದೇ ಇದ್ದದ್ದಕ್ಕೆ ಟೋನಿ ಊರಿಗೆಲ್ಲ ಹೇಳಿದ ಕಾರಣವೇ ಸುಳ್ಳು. ಅಂದ್ರೆ ಜೈಲಿಂದ ಬರೋ ಪ್ರತಿಯೊಬ್ಬನಿಗೂ ಟೋನಿ ಏನೋ ಬಾಕಿ ಇಟ್ಟಿದ್ದಾನೆ. ಬ್ಲಂಡೆಟ್ಟೊಗೆ 17 ವರ್ಷ, ಫೀಚ್‌ಗೆ ಇಸ್ಪೀಟ್ ಅಡ್ಡೆಯ ದುಡ್ಡು, ರಿಚಿಗೆ ತಮ್ಮನ ಕುರ್ಚಿ. ಸಾಲ ಕೊಟ್ಟವನು ಎದುರು ಬಂದಾಗ ಮನುಷ್ಯ ಹೇಗೆ ನಡ್ಕೊಳ್ತಾನೆ ಅಂತ ನೋಡೋಕೆ ಈ ಪಾತ್ರಗಳು ಬರ್ತಿದ್ವು ಅಂತ ನನಗನಿಸುತ್ತೆ. ಫಿಲ್ ಲಿಯೊಟಾರ್ಡೊನನ್ನ ಮಾತ್ರ ವಾಪಸ್ ಕಳಿಸೋಕೆ ಆಗಲಿಲ್ಲ, ಅವನು ನ್ಯೂಯಾರ್ಕಿನವನು. ‘20 ವರ್ಷ ಒಳಗಿದ್ದೆ’ ಅನ್ನೋದನ್ನ ಮಂತ್ರದ ಥರ ಜಪಿಸ್ತಾ 2007ರ ಕೊನೇ ಸಂಚಿಕೆವರೆಗೂ ಟೋನಿ ಪ್ರಾಣ ತಿಂದ.

ಕಾಫಿತೋಟ

ಇಷ್ಟೆಲ್ಲ ಒಪ್ಪಿದ್ರೂ ರಿಚಿ ಸೋತದ್ದು ಟೋನಿಯ ಸಾಲದಿಂದಲ್ಲ, ತನ್ನ ಲೆಕ್ಕ ತಪ್ಪಿದ್ದರಿಂದ. ಎಂಟನೇ ಸಂಚಿಕೆಯ ಚರ್ಮದ ಜಾಕೆಟ್ ನೆನಪು ಮಾಡ್ಕೊಳ್ಳಿ. ಒಂದು ಕಾಲದಲ್ಲಿ ನ್ಯೂಜೆರ್ಸಿಯ ಎಸೆಕ್ಸ್ ಕೌಂಟಿಯಲ್ಲೇ ಗಟ್ಟಿಗ ಅನ್ನಿಸ್ಕೊಂಡಿದ್ದ ರಾಕೊ ಡಿಮಿಯೊನನ್ನ ಹೊಡೆದು ಕಿತ್ಕೊಂಡ ಜಾಕೆಟ್ ಅದು. ರಿಚಿ ಪಾಲಿಗೆ ಅದು ಪರಮವೀರ ಚಕ್ರ. ಪ್ರೀತಿಯಿಂದ ಟೋನಿಗೆ ಕೊಡ್ತಾನೆ, ಹಾಕಿಸಿ, ಹಿಂದೆ ಮುಂದೆ ತಿರುಗಿಸಿ ನೋಡ್ತಾನೆ. ಟೋನಿ ಬಾಯಲ್ಲಿ ಥ್ಯಾಂಕ್ಸ್ ಅಂತಾನೆ, ಮುಖದಲ್ಲಿ ಬೇರೆ. ಮುಂದೊಂದು ದಿನ ರಿಚಿ ಟೋನಿ ಮನೆಗೆ ಬಂದಾಗ ಆ ಜಾಕೆಟ್ ಹಾಕಿ ನಿಂತಿರೋದು ಮನೆಗೆಲಸದವಳ ಗಂಡ. ಗ್ಯಾಂಡೊಲ್ಫಿನಿ ಇಲ್ಲದ ಆ ಕ್ಷಣದಲ್ಲಿ ಪ್ರೊವಾಲ್ ಮುಖ ಒಂದು ಸಲ ಇಳಿಯುತ್ತೆ. ಕಾಫಿ ಜಗ್ಗಿನ ಸೀನ್‌ಗಿಂತ ನನಗೆ ಅದೇ ದೊಡ್ಡದು.

ಹತ್ತು ವರ್ಷದಲ್ಲಿ ರಾಕೊ ಡಿಮಿಯೊ ಯಾರು ಅನ್ನೋದೇ ಯಾರಿಗೂ ಬೇಕಿರಲಿಲ್ಲ. ಟೋನಿಗೆ ಬೇಕಿದ್ದದ್ದು ತನ್ನ ಕಸ ಸಾಗಿಸೋ ದಂಧೆಯ ಟ್ರಕ್ಕಿನ ಮಾರ್ಗಗಳು ಸದ್ದಿಲ್ಲದೆ ಓಡೋದು. ರಿಚಿ ಅದೇ ಮಾರ್ಗದಲ್ಲಿ ಕೊಕೇನ್ ಮಾರಿಸ್ತಾನೆ, ಟೋನಿ ಬೇಡ ಅಂದ್ರೂ ಕೇಳಲ್ಲ.

ಎಡಿಸನ್‌ವಾಸಿ

ಕೊನೆಗೆ ತೀರ್ಪು ಕೊಟ್ಟಿದ್ದು ಜೂನಿಯರ್. ಟೋನಿಯನ್ನ ಮುಗಿಸೋಣ ಅಂತ ರಿಚಿ ಇತರರ ಬೆಂಬಲ ಕೇಳಿ ಬರಿಗೈಲಿ ವಾಪಸ್ ಬಂದಾಗ ಮುದುಕ ಕೂತು ಯೋಚಿಸ್ತಾನೆ. ಇವನ ಮಾತಿಗೆ ಯಾರೂ ಬೆಲೆ ಕೊಡಲ್ಲ, ಇವನಿಗಿಂತ ಟೋನಿ ಬದುಕಿದ್ರೇ ನನಗೆ ಲಾಭ ಅಂತ ನಿರ್ಧರಿಸಿ ಟೋನಿಗೇ ವಿಷಯ ತಿಳಿಸ್ತಾನೆ. ಮೂರನೇ ಸಂಚಿಕೆಯ ಕ್ಲಿನಿಕ್ಕಲ್ಲಿ ‘ನಾನು ನಿಮ್ಮವನು’ ಅಂತ ಕೈ ಹಿಡಿದವನನ್ನ ಹನ್ನೆರಡರಲ್ಲಿ ಮಾರಿಬಿಟ್ಟ. ಪ್ರೀತಿ, ದ್ವೇಷ ಏನೂ ಇಲ್ಲ, ಶುದ್ಧ ವ್ಯಾಪಾರ. ಟೋನಿ ಆಳು ಕಳಿಸೋ ಮೊದಲೇ ಜಾನಿಸ್ ಕೆಲಸ ಮುಗಿಸಿದ್ಲು, ಅದು ಬೇರೆ ಮಾತು.

ನೈಟ್‌ಶಿಫ್ಟ್_ನಾಗ

ಅಕ್ಕ ಹೇಳಿದ್ರು ಅಂತ ಮೆಡೋ ಭಾಗ ನೋಡಿದೆ. ಕ್ರೆಡಿಟ್ ಕಾರ್ಡ್ ಸೀನ್ ಸೂಪರ್. ಇನ್ನೊಂದು ವಿಷಯ: ಈ ಸರಣಿ ಶುರುವಾದ 1999ರಲ್ಲೇ ನ್ಯೂಜೆರ್ಸಿಯ ನಿಜವಾದ ಡಿಕವಲ್ಕಾಂಟೆ ಗ್ಯಾಂಗಿನವರು ಇದರ ಬಗ್ಗೆ ಮಾತಾಡಿಕೊಂಡಿದ್ದನ್ನ ಎಫ್‌ಬಿಐ ಕದ್ದು ರೆಕಾರ್ಡ್ ಮಾಡಿತ್ತು. ಇದು ನಾವೇನಾ ಅಂತ ಅವರಿಗೇ ಅನುಮಾನ!

ಅದಿರಲಿ, ಬೀನ್ಸಿ ಆಮೇಲೆ ಏನಾದ? ಸೀಸನ್ 2 ಆದ್ಮೇಲೆ ನಾನು ಬಿಟ್ಟುಬಿಟ್ಟಿದ್ದೆ.

ಹುಬ್ಳಿ_ಗಿರ್ಮಿಟ್

ಬೀನ್ಸಿ ಗಾಲಿ ಕುರ್ಚಿ ಮ್ಯಾಲೆ ಮನಿಗೆ ಬಂದ. ಮನಿ ಮುಂದ ಇಳಿಜಾರು ಹಾದಿ ಕಟ್ಟಿಸಿಕೊಡು ಅಂತ ಟೋನಿ ರಿಚಿಗೇ ಹೇಳಿ ಕಳಿಸ್ತಾನ, ಅದ ಅವನಿಗೆ ಬಿದ್ದ ದಂಡ. ಟೋನಿ ಮಂದಿ ಸಿಲ್ವಿಯೊ, ಪೌಲಿ ಹೋಗಿ ಕೇಳಿದಾಗ ರಿಚಿ ಆಡೂ ಮಾತು ಇಲ್ಲಿ ಬರಿಯಾಕ ಬರಂಗಿಲ್ಲ, ನೀನ ನೋಡ್ಕೋ. ಟೋನಿ ರೊಕ್ಕ ತಂದಾಗ ಬೀನ್ಸಿ ಬ್ಯಾಡ ಅಂತಾನ. ಮುಂದ 2007ರ ಸಂಚಿಕೆಯೊಳಗ ಟೋನಿ, ಪೌಲಿ ಪೊಲೀಸರಿಂದ ತಪ್ಪಿಸ್ಕೊಂಡು ಮಯಾಮಿಗೆ ಹೋದಾಗ ಅಲ್ಲಿ ಅವರನ್ನ ನೋಡಿಕೊಳ್ಳಾಂವ ಬೀನ್ಸಿನ. ಪಾಲ್ ಹರ್ಮನ್ ಆ ಪಾತ್ರ ಮಾಡಿದ್ರು, 2022ರಾಗ ತೀರಿಕೊಂಡ್ರು.

ಮಳೆಗಾಲ_72

ಅಂದ್ರೆ ಟೋನಿ ಅಂತೂ ಬೀನ್ಸಿಯನ್ನ ಕಾಪಾಡಲಿಲ್ಲ, ಆದ್ರೂ ಬೀನ್ಸಿ ಏಳು ವರ್ಷ ಆದ್ಮೇಲೂ ಟೋನಿಗೆ ಊಟ ಹಾಕ್ತಿದ್ದಾನೆ. ಇದಕ್ಕೆ ಏನಂತೀರಿ ಭಟ್ರೇ?

ಪಡುಬಿದ್ರೆ_ಭಟ್ರು

ಅಂವ ಕಪ್ಪ ಕೊಡೋದನ್ನ ನಿಲ್ಲಿಸಿಲ್ಲ ಅಂತೇನೆ. ರಿಚಿಗೆ ವಾರಕ್ಕಿಷ್ಟು ಅಂತ ಕೊಡಲಿಕ್ಕೆ ಹಿಂದೆ ಮುಂದೆ ನೋಡಿದವ, ಟೋನಿಗೆ ಕೇಳದೇ ಕೊಟ್ಟ. ಫೀಚ್ ಸಂಚಿಕೆ ಮುಂದಿನ ವಾರ ಹಾಕಿ ಮಾರಾಯ್ರೆ, ಅಲ್ಲಿ ಆ ತೋಟಗಾರ ಎಷ್ಟು ಮನೆಗಳ ಹುಲ್ಲು ಪುಕ್ಕಟೆ ಕತ್ತರಿಸಬೇಕಾಯ್ತು ಅನ್ನೋದರ ಬಗ್ಗೆ ನನಗೆ ಬರೀಲಿಕ್ಕೆ ತುಂಬ ಉಂಟು.